ಕುದುರೆ ಎಲುಬಿನ ಎಮ್ಮೆ

ಪರದೆಯ ಮೇಲೆ ಎಮ್ಮೆ ಎದ್ದು ನಿಂತಿತು. ಹಾಲಿನಕ್ಕ ಕೈಯಲ್ಲಿದ್ದ ಟೀ ಲೋಟವನ್ನು ಮೇಜಿನ ಮೇಲಿಟ್ಟು, "ಇನ್ನೊಂದ್ಸಲ ತೋರಿಸಿ" ಎಂದಳು.

ತೋರಿಸಿದರು. ಕೊಟ್ಟಿಗೆಯಲ್ಲಿ ಬೆಳಗಾಗುತ್ತದೆ. ಎಮ್ಮೆ ಕಣ್ಣು ಬಿಡುತ್ತದೆ. ರೆಪ್ಪೆಯ ಕೂದಲು ಒಂದೊಂದೂ ಪೊರಕೆ ಕಡ್ಡಿಯಷ್ಟು ಉದ್ದ. ಅದರ ಕುತ್ತಿಗೆಯ ಮಗ್ಗುಲಲ್ಲಿ, ಮಡಿಚಿದ ಮುಂಗಾಲಿನ ಸಂದಿಯಲ್ಲಿ, ಒಂದು ಬಿಳಿ ಕೋಳಿ ನಿದ್ದೆ ಮಾಡುತ್ತಿದೆ. ಎಮ್ಮೆ ಮುಂಗಾಲೆರಡನ್ನೂ ಮುಂದಕ್ಕೆ ಚಾಚಿ, ಎದೆ ಎತ್ತಿ, ಆಮೇಲೆ ಹಿಂಭಾಗವನ್ನು ಎಳೆದುಕೊಂಡು ಧಡಕ್ಕನೆ ನಿಲ್ಲುತ್ತದೆ. ಕೋಳಿ ಚೆಂಡಿನಂತೆ ಚಿಮ್ಮಿ ಸೂರಿಗೆ ಬಡಿದು, 'ಟೊಂಯ್' ಎಂಬ ಸದ್ದಿನೊಡನೆ ಕೆಳಗೆ ಬಂದು ಎಮ್ಮೆಯ ಟೋಪಿಯ ಮೇಲೆ ಕೂರುತ್ತದೆ. ಹೌದು, ಎಮ್ಮೆಗೆ ಒಂದು ಟೋಪಿಯೂ ಇತ್ತು.

"ಮತ್ತೊಂದ್ಸಲ."

ಮೂರನೇ ಸಲ ಕೋಳಿ ಸೂರಿಗೆ ಬಡಿದಾಗ ಹಾಲಿನಕ್ಕ ಕಣ್ಣು ಮುಚ್ಚಿಕೊಂಡಳು. "ಇದು ಎಮ್ಮೆ ಅಲ್ಲ" ಎಂದಳು.

ನಿರ್ದೇಶಕ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಅವನ ಕೊರಳಲ್ಲಿ ಯಾವಾಗಲೂ ಒಂದು ಸ್ಟಾಪ್‌ವಾಚು ದನದ ಗಂಟೆಯ ಹಾಗೆ ತೂಗುತ್ತಿತ್ತು. ಊಟಕ್ಕೆ ಕೂತಾಗ ಮಾತ್ರ ಅದನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. "ಅಕ್ಕಾ, ಟೋಪಿ ವಿಷಯ ಹೋದ ತಿಂಗಳೇ ಮುಗೀತಲ್ಲ."

"ಟೋಪಿ ಹಾಳಾಗಲಿ. ಅದು ಏಳೋದು ನೋಡಿ. ಯಾವ ಎಮ್ಮೆ ಮುಂಗಾಲು ಮೊದಲು ಎತ್ತುತ್ತೆ? ಕುದುರೆ ಏಳೋದು ಹಾಗೆ. ಎಮ್ಮೆ ಹಿಂದಿನದ್ದು ಮೊದಲು ಎತ್ತುತ್ತೆ. ಮುಂದೆ ಮೊಣಕಾಲು ಊರಿಕೊಂಡೇ ಇರುತ್ತೆ. ಆಮೇಲೆ ಒಂದೊಂದೇ ಮುಂಗಾಲು."

"ಇರಬಹುದು" ಎಂದ ನಿರ್ದೇಶಕ. ಇರಬಹುದು ಎನ್ನುವುದು ಅವನ ಬಾಯಲ್ಲಿ ಇಲ್ಲ ಎಂಬುದರ ಅಕ್ಕನೋ ತಂಗಿಯೋ ಆಗಿತ್ತು.

ಕಂಪ್ಯೂಟರಿನ ಮುಂದೆ ಕೂತಿದ್ದವನು ಮಾತ್ರ ತಿರುಗಿ ನೋಡಲಿಲ್ಲ. ಇಡೀ ಸ್ಟುಡಿಯೋದಲ್ಲಿ ಅವನಿಗೆ ನಡಿಗೆ ಮಾಸ್ತರ ಎಂದೇ ಹೆಸರು. ಬೆಕ್ಕು, ಆನೆ, ಮೊಲ, ಮನುಷ್ಯ ಯಾವುದೇ ಇರಲಿ, ಪರದೆಯ ಮೇಲೆ ನಡೆಯಬೇಕಾದರೆ, ಕೂರಬೇಕಾದರೆ, ಏಳಬೇಕಾದರೆ ಅವನ ಕೈಯಿಂದಲೇ ಆಗಬೇಕು. ನಲವತ್ತೈದರ ಆಸುಪಾಸಿನ ಮನುಷ್ಯ. ಊರಿನ ಪ್ರಾಣಿಗಳನ್ನೆಲ್ಲ ನಡೆಸಿ ನಡೆಸಿ ತಾನು ನಡೆಯುವುದನ್ನೇ ಮರೆತವನಂತೆ ಬೆನ್ನು ಬಾಗಿಸಿ ಕೂತಿದ್ದ.

"ಏನಪ್ಪಾ, ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತಕ್ಕ." ಅವನು ಕಿವಿಯ ಹಿಂದೆ ಕೆರೆದುಕೊಂಡ. "ಅದು... ಕುದುರೇನೇ."

"ಏನು?"

"ಒಳಗಡೆ. ಹೋದ ವರ್ಷ ಒಂದು ಕುದುರೆ ಸೀರಿಯಲ್ ಮಾಡಿದ್ವಲ್ಲ, ಅದರ ಎಲುಬು ಕಂಪ್ಯೂಟರಲ್ಲಿ ಹಾಗೇ ಇತ್ತು. ಎಲುಬಿನ ಗೂಡು ಅಂದ್ರೆ ಅದೇ ಮುಖ್ಯ, ಗಂಟು ಎಲ್ಲಿ, ಮಡಚೋದು ಎಲ್ಲಿ ಅಂತ. ಹೊಸದಾಗಿ ಕಟ್ಟೋಕೆ ಮೂರು ವಾರ ಬೇಕು. ಅದಕ್ಕೆ ಅದೇ ಎಲುಬಿಗೆ ಎಮ್ಮೆ ಚರ್ಮ ಹೊದಿಸಿದ್ವಿ."

ಹಾಲಿನಕ್ಕ ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಮೂವತ್ತೊಂದು ವರ್ಷ ಹಾಲಿನ ಕೇಂದ್ರದಲ್ಲಿ ಕೂತು, ಬಂದ ಕ್ಯಾನಿಗೆಲ್ಲ ಅಳತೆಯ ಕೊಳವೆ ಇಳಿಸಿ, ನೀರು ಬೆರೆಸಿದವರ ಮುಖ ನೋಡುತ್ತಿದ್ದದ್ದು ಹೀಗೆಯೇ. ಹಾಲಿನಕ್ಕ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ನೀರು ಬೆರೆಸಿದವರಿಗೆ ಅವಳು ಬೈಯುತ್ತಿರಲಿಲ್ಲ. ನೋಡುತ್ತಿದ್ದಳು, ಅಷ್ಟೆ. ಅವರೇ ಕ್ಯಾನು ಎತ್ತಿಕೊಂಡು ಹೋಗುತ್ತಿದ್ದರು.

ಇಲ್ಲಿ ಯಾರೂ ಕ್ಯಾನು ಎತ್ತಲಿಲ್ಲ.

"ಹನ್ನೆರಡು ಕಂತಿಗೂ ಇದೇ ಎಮ್ಮೇನಾ?"

"ಹನ್ನೆರಡಕ್ಕೂ" ಎಂದ ನಿರ್ದೇಶಕ. "ಪ್ರತಿ ಕಂತೂ ಹೀಗೇ ಶುರು. ಎಮ್ಮೆ ಏಳುತ್ತೆ, ಕೋಳಿ ಹಾರುತ್ತೆ, ಹಾಡು. ಮಕ್ಕಳು ಈ ಟೊಂಯ್‌ಗೇ ಕಾಯ್ತಾರೆ ನೋಡಿ. ಸೋಮವಾರ ಚಾನೆಲ್ ಮೇಡಂ ಬರ್ತಾರೆ. ನೀವೊಂದು ಸಹಿ ಹಾಕಿದ್ರೆ ಮುಗೀತು. ಮೂಲ ಲೇಖಕಿ ಒಪ್ಪಿದ್ದಾರೆ ಅಂತ."

"ಇವತ್ತು ಹಾಕಲ್ಲ" ಎಂದು ಹಾಲಿನಕ್ಕ ಚೀಲ ಹೆಗಲಿಗೆ ಹಾಕಿಕೊಂಡಳು.

ಕೆಳಗೆ ಟೈರ್ ಅಂಗಡಿ, ಅದರ ಮೇಲೆ ಎರಡು ಮಹಡಿ, ಅದರ ಮೇಲೆ ಈ ಸ್ಟುಡಿಯೋ. ಲಿಫ್ಟು ಕೆಟ್ಟು ನಾಲ್ಕು ತಿಂಗಳಾಗಿತ್ತು. ಐವತ್ತೆಂಟು ಮೆಟ್ಟಿಲು, ಅವಳ ವಯಸ್ಸೂ ಅಷ್ಟೇ. ಇಳಿಯುವಾಗ ಬಲ ಮೊಣಕಾಲು ಪ್ರತಿ ಮೆಟ್ಟಿಲಿಗೂ ಒಂದೊಂದು ಮಾತು ಹೇಳಿತು.

ಹದಿನಾಲ್ಕು ತಿಂಗಳಿಂದ ಅವಳು ಹೀಗೆ ಹತ್ತಿ ಇಳಿಯುತ್ತಿದ್ದಳು. ಬರೆದದ್ದು ಒಂದೇ ಪುಸ್ತಕ, ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ. ಒಂದು ಎಮ್ಮೆ, ಒಂದು ಕುಂಟ ಕೋಳಿ, ಹನ್ನೆರಡು ಕಥೆ. ಕಥೆ ಅಂದರೆ ಅಂಥ ಕಥೆ ಏನಲ್ಲ. ಎಮ್ಮೆ ಕೆರೆಗೆ ಇಳಿಯುತ್ತದೆ, ಕೋಳಿ ದಡದಲ್ಲಿ ಕಾಯುತ್ತದೆ. ಗಾಳಿ ಜೋರಾಗಿ ಬೀಸುತ್ತದೆ, ಕೋಳಿ ಎಮ್ಮೆಯ ಹೊಟ್ಟೆಯ ಆಚೆ ಬದಿಗೆ ಹೋಗಿ ಕೂರುತ್ತದೆ. ಇಷ್ಟೇ. ಅದು ಅಚ್ಚಾದ ಮೇಲೆ ನಿರ್ದೇಶಕನ ಮಗಳು ಶಾಲೆಯಿಂದ ಆ ಪುಸ್ತಕ ತಂದು ಓದಿ, ಅಪ್ಪನ ಕೈಲೂ ಓದಿಸಿದ್ದಳಂತೆ. ಮೊದಲ ದಿನ ಅವನು ಹಾಲಿನಕ್ಕನ ಎರಡೂ ಕೈ ಹಿಡಿದುಕೊಂಡು, "ಇದರಲ್ಲಿ ಒಂದು ಅಕ್ಷರಾನೂ ಮುಟ್ಟಲ್ಲ ಅಕ್ಕ" ಎಂದಿದ್ದ.

ಅಕ್ಷರ ಮುಟ್ಟಲಿಲ್ಲ, ನಿಜ. ಉಳಿದದ್ದೆಲ್ಲ ಮುಟ್ಟಿದ. ಕೆಟ್ಟವರು ಯಾರೂ ಇಲ್ಲವಲ್ಲ ಎಂದು ಒಂದು ನರಿ ಬಂತು. ನರಿಗೆ ಮೋಟಾರ್ ಸೈಕಲ್ಲು ಬಂತು. ಎಮ್ಮೆಗೆ ಟೋಪಿ ಬಂತು. ಕೋಳಿ ಕುಂಟಬಾರದು, ನೋಡುವವರಿಗೆ ಬೇಸರವಾಗುತ್ತದೆ ಎಂದು ಅದರ ಕಾಲು ವಾಸಿಯಾಯಿತು. ಕಪ್ಪು ಎಮ್ಮೆಯ ಪಕ್ಕ ಕೆಂಪು ಕೋಳಿ ಎದ್ದು ಕಾಣುವುದಿಲ್ಲ ಎಂದು ಅದು ಬಿಳಿಯಾಯಿತು. ಹಾಲಿನಕ್ಕ ಪ್ರತಿ ಸಲವೂ ವಾದಿಸಿದಳು, ಪ್ರತಿ ಸಲವೂ ಸೋತಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರೆ. ಇಲ್ಲಿ ಎತ್ತು ಒಬ್ಬಳೇ, ಕೋಣಗಳು ಒಂದು ಮಹಡಿ ತುಂಬ. ಒಂದಿಷ್ಟು ಹೋಗಲಿ, ಒಂದಿಷ್ಟು ಉಳಿಯಲಿ ಎಂದು ಬಿಡುತ್ತ ಬಂದಳು.

ಎಮ್ಮೆ ಏಳುವ ರೀತಿಯನ್ನು ಯಾರಾದರೂ ಬದಲಾಯಿಸಬಹುದು ಎಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ. ಬೆಂಕಿ ಸುಡುತ್ತದೆ ಎಂದು ಯಾರಾದರೂ ಒಪ್ಪಂದದಲ್ಲಿ ಬರೆಸುತ್ತಾರೆಯೇ?

ಆ ಪುಸ್ತಕದಲ್ಲಿ ಅವಳು ಕಲ್ಪಿಸಿ ಕಟ್ಟದೆ ಇದ್ದದ್ದು ಅದೊಂದೇ. ತಾಯಿಯ ಮನೆಯಲ್ಲಿ ಒಂದು ಮುದಿ ಎಮ್ಮೆ ಇತ್ತು. ಗಾಡಿಯ ಚಕ್ರಕ್ಕೆ ಕಾಲು ಸಿಕ್ಕಿಸಿಕೊಂಡ ಒಂದು ಕೋಳಿಯೂ ಇತ್ತು. ಉಳಿದ ಕೋಳಿಗಳೆಲ್ಲ ಸಂಜೆ ಅಟ್ಟಕ್ಕೆ ಹಾರಿದರೆ ಇದಕ್ಕೆ ಹಾರಲು ಆಗುತ್ತಿರಲಿಲ್ಲ. ಎಮ್ಮೆಯ ಮುಂಗಾಲಿನ ಸಂದಿಯಲ್ಲಿ ಮಲಗುತ್ತಿತ್ತು. ಬೆಳಿಗ್ಗೆ ಎಮ್ಮೆ ಹಿಂಗಾಲು ಎತ್ತಿ, ಮುಂದೆ ಮೊಣಕಾಲಿನ ಮೇಲೆ ಹಾಗೆಯೇ ನಿಂತುಬಿಡುತ್ತಿತ್ತು. ಹಿಂದೆ ಗುಡ್ಡ, ಮುಂದೆ ಇಳಿಜಾರು. ತಾಯಿ ಹಾಲು ಕರೆಯುವ ಪಾತ್ರೆ ಹಿಡಿದು, "ಏಳೇ ಮುದುಕಿ, ಯಾರಿಗೆ ನಮಸ್ಕಾರ ಮಾಡ್ತಾ ಇದ್ದೀಯ" ಎಂದು ಬೈಯುತ್ತಿದ್ದಳು. ಎಮ್ಮೆ ಏಳುತ್ತಿರಲಿಲ್ಲ. ಕೋಳಿ ಎಚ್ಚರವಾಗಿ, ರೆಕ್ಕೆ ಕೊಡವಿ, ಒಂದು ಸುತ್ತು ನೋಡಿ, ಕುಂಟುತ್ತ ಆಚೆ ಹೋದ ಮೇಲೆಯೇ ಅದು ಮುಂಗಾಲು ಬಿಚ್ಚುತ್ತಿದ್ದದ್ದು.

ಆಗ ಹಾಲಿನಕ್ಕನಿಗೆ ಹನ್ನೊಂದು ವರ್ಷ, ತಂಗಿಗೆ ಒಂಬತ್ತು. ಆಗಲೇ ತಂಗಿ ಹೇಳಿದ್ದಳು: "ಮೊಣಕಾಲು ನೋವು ಅದಕ್ಕೆ. ಸ್ನೇಹವಂತೆ, ಮಣ್ಣಂತೆ."

ಆ ಮಾತಿಗೆ ನಲವತ್ತೇಳು ವರ್ಷವಾಗಿತ್ತು. ಗಂಡಂದಿರು ಇಬ್ಬರೂ ಹೋದ ಮೇಲೆ ಅಕ್ಕತಂಗಿಯರು ಪೇಟೆಯ ಅಂಚಿನ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗಿದ್ದರು. ತಂಗಿಯ ಅಭಿಪ್ರಾಯ ಮಾತ್ರ ಅಂದು ಎಲ್ಲಿತ್ತೋ ಇಂದೂ ಅಲ್ಲೇ ಇತ್ತು.

"ಸಹಿ ಹಾಕಿ ಬಿಸಾಕು" ಎಂದಳು ಆ ಸಂಜೆ, ಒಣಗಿದ ಬಟ್ಟೆ ಮಡಿಚುತ್ತ. "ಮುಂಗಾಲೋ ಹಿಂಗಾಲೋ, ಯಾವ ಮಗು ಎಮ್ಮೆ ಕಂಡಿದೆ ಈ ಕಾಲದಲ್ಲಿ?"

"ಕಂಡಿಲ್ಲ ಅಂತಾನೇ ಸರಿಯಾಗಿ ತೋರಿಸ್ಬೇಕು."

"ನರಿ ಮೋಟಾರ್ ಸೈಕಲ್ ಹೊಡೆಯುತ್ತೆ ಅಂದಾಗ ಒಪ್ಕೊಂಡೆ. ಅಲ್ಲಿ ಎಲ್ಲಿತ್ತು ನಿನ್ನ ಸರಿ?"

ತಂಗಿಯ ಮಾತಿನಲ್ಲಿ ಅದೊಂದು ಕಷ್ಟ. ನೂರಕ್ಕೆ ಹತ್ತು ಸರಿ ಇರುತ್ತಿತ್ತು, ಆ ಹತ್ತನ್ನೇ ಅವಳು ಕೊನೆಗೆ ಇಟ್ಟುಕೊಳ್ಳುತ್ತಿದ್ದಳು.

"ನರಿ ಸುಳ್ಳು ಅಂತ ಮಗುವಿಗೂ ಗೊತ್ತಾಗುತ್ತೆ" ಎಂದಳು ಹಾಲಿನಕ್ಕ. "ಆದ್ರೆ ಇಲ್ಲಿ ಎಮ್ಮೆ ಕೋಳೀನ ದಿನಾ ಒದೀತಾ ಇದೆ. ಒದ್ದು ಎಸೀತಿದೆ. ಅದನ್ನ ಸ್ನೇಹ ಅಂತ ಕರೀತಿದ್ದಾರೆ. ಅದರ ಕೆಳಗೆ ನಾನು ಸಹಿ ಹಾಕ್ಲಾ?"

"ಸ್ನೇಹ ಎಲ್ಲಿತ್ತು? ಮೊಣಕಾಲು..."

"ಕೋಳಿ ಕಾವಿಗೆ ಕೂತು ಇಪ್ಪತ್ತೊಂದು ದಿನ ಹಿತ್ತಲಲ್ಲಿತ್ತು. ಆ ಇಪ್ಪತ್ತೊಂದು ದಿನಾನೂ ಎಮ್ಮೆ ಒಂದೇ ಏಟಿಗೆ ಎದ್ದಿದೆ. ನಾನು ದಿನಾ ನೋಡಿದ್ದೀನಿ. ಇಪ್ಪತ್ತೊಂದು ದಿನ ರಜ ಹಾಕುತ್ತೇನೇ ಮೊಣಕಾಲು ನೋವು?"

"ಬೇಸಿಗೆ ಇದ್ದಿರಬೇಕು. ಬೇಸಿಗೇಲಿ ನನಗೂ ಕಡಿಮೆ" ಎಂದು ತಂಗಿ ಕೊನೆಯ ಟವೆಲು ಮಡಿಚಿಟ್ಟಳು.

ಮರುದಿನ ಹಾಲಿನಕ್ಕ ನಡಿಗೆ ಮಾಸ್ತರನಿಗೆ ಫೋನು ಮಾಡಿ, ಶನಿವಾರ ಮೊದಲ ಬಸ್ಸಿಗೆ ಬರಲು ಹೇಳಿದಳು. ಅವಳ ಮನೆಯಿಂದ ಕಾಲು ಗಂಟೆ ನಡೆದರೆ ಒಬ್ಬ ಮುದುಕನ ಕೊಟ್ಟಿಗೆ. ಕೇಂದ್ರಕ್ಕೆ ವರ್ಷಗಟ್ಟಲೆ ನೀರಿಲ್ಲದ ಹಾಲು ಹಾಕಿದವನು, ಆ ಕಾರಣಕ್ಕೆ ಅವಳಿಗೆ ಅವನ ಮೇಲೆ ಗೌರವ. ಮೂರು ಎಮ್ಮೆ ಇದ್ದವು.

ಬಸ್ಸು ತಡವಾಗಿ, ಇವರು ಹೋಗುವ ಹೊತ್ತಿಗೆ ಹಾಲು ಕರೆದು ಮುಗಿದಿತ್ತು. ಮೂರೂ ಎಮ್ಮೆ ಮೇವು ತಿಂದು ಆಗ ತಾನೇ ಮಲಗಿ ಮೆಲುಕು ಹಾಕುತ್ತಿದ್ದವು.

"ಎಮ್ಮೆ ಏಳೋದು ನೋಡೋಕೆ ಬಸ್ ಹತ್ತಿ ಬಂದ್ರಾ?" ಎಂದು ಮುದುಕ ನಡಿಗೆ ಮಾಸ್ತರನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಮಲಗೋದು ಈಗ ತಾನೇ ಆಯ್ತಲ್ಲ. ಅದನ್ನಾದ್ರೂ ನೋಡ್ಬಹುದಿತ್ತು."

"ಎಷ್ಟೊತ್ತಿಗೆ ಏಳ್ತವೆ?" ಎಂದ ಮಾಸ್ತರ.

"ಅದನ್ನ ಎಮ್ಮೇನೇ ಕೇಳ್ಬೇಕು."

ಮುದುಕ ಎರಡು ಬಕೆಟ್ಟು ಬೋರಲು ಹಾಕಿ ಕೊಟ್ಟ. ಇಬ್ಬರೂ ಕೂತರು. ಮಾಸ್ತರ ಫೋನನ್ನು ಎಮ್ಮೆಗಳ ಕಡೆ ಹಿಡಿದು ಕೂತ. ಹತ್ತು ನಿಮಿಷಕ್ಕೆ ಕೈ ನೋಯಿತು, ಕೈ ಬದಲಾಯಿಸಿದ. ಎಮ್ಮೆಗಳು ದವಡೆ ಆಡಿಸುತ್ತಿದ್ದವು. ಒಂದು ನುಂಗಿತು, ಸ್ವಲ್ಪ ಬಿಟ್ಟು ಗಂಟಲಲ್ಲಿ ಒಂದು ಉಂಡೆ ಮೇಲೆ ಬಂತು, ಮತ್ತೆ ದವಡೆ. ಎಂಟಾಯಿತು. ಎಂಟೂವರೆಯಾಯಿತು. ಪಕ್ಕದ ಗೋಡೆಯ ನೆರಳು ಇವರ ಕಾಲಿನಿಂದ ಸರಿದು ಬಿಸಿಲು ಬಂತು.

"ಒಂದು ಕೋಲಲ್ಲಿ ತಿವಿದ್ರೆ?" ಎಂದ ಮಾಸ್ತರ.

"ತಿವಿದ್ರೆ ಹೆದರಿ ಏಳುತ್ತೆ. ಹೆದರಿ ಏಳೋದು ಬೇರೆ, ಏಳಬೇಕು ಅನ್ನಿಸಿ ಏಳೋದು ಬೇರೆ. ನಿನ್ನ ಹೆಂಡತಿ ನಿನ್ನ ತಿವಿದ್ರೆ ನೀನು ಹೇಗೆ ಏಳ್ತೀಯ?"

"ಅದು ನಿಜ" ಎಂದು ಅವನು ಒಪ್ಪಿದ.

ಒಂಬತ್ತೂಕಾಲಿಗೆ ಅವನ ಫೋನು ಬಡಿದುಕೊಂಡಿತು. ನಿರ್ದೇಶಕ. ಕೊಟ್ಟಿಗೆಯೊಳಗೆ ಸರಿಯಾಗಿ ಕೇಳಿಸದೆ ಮಾಸ್ತರ ಎದ್ದು, ಗೋಡೆಯ ಕಡೆ ಮುಖ ಮಾಡಿ, ಒಂದು ಕಿವಿ ಮುಚ್ಚಿಕೊಂಡು, "ಹೇಳಿ ಸಾರ್, ಇಲ್ಲ ಸಾರ್, ಇನ್ನೂ ಎದ್ದಿಲ್ಲ ಸಾರ್" ಎನ್ನುತ್ತಿದ್ದ. ಅವನ ಬೆನ್ನ ಹಿಂದೆ ಮೊದಲ ಎಮ್ಮೆ ಕುತ್ತಿಗೆ ಮುಂದೆ ಚಾಚಿ, ಹಿಂಭಾಗ ಎತ್ತಿ, ಒಂದು ಮುಂಗಾಲು, ಇನ್ನೊಂದು ಮುಂಗಾಲು ಊರಿ ನಿಂತು, ಬಾಲ ಬೀಸಿತು.

"ಮಾಸ್ತರೇ" ಎಂದಳು ಹಾಲಿನಕ್ಕ. ಅವಳ ದನಿ ಎಷ್ಟು ಸಣ್ಣಗಿತ್ತೆಂದರೆ ಮುದುಕ ಕೂಡ ಕೆಲಸ ಬಿಟ್ಟು ನೋಡಿದ.

ಅವನು ತಿರುಗಿದ. "ಅಯ್ಯೋ. ಎದ್ದೇಬಿಡ್ತಾ?"

ಅವಳು ಕೈ ಚಾಚಿ ಅವನ ಫೋನು ಇಸಿದುಕೊಂಡು ತನ್ನ ಚೀಲಕ್ಕೆ ಹಾಕಿ ಜಿಪ್ಪು ಎಳೆದಳು. ಇನ್ನು ಕಣ್ಣಲ್ಲೇ ನೋಡಬೇಕು.

ಎರಡನೆಯ ಎಮ್ಮೆ ಹತ್ತಕ್ಕೆ ಎದ್ದಿತು. ಈ ಸಲ ಅವನು ನೋಡಿದ. ಬಕೆಟ್ಟಿನ ಮೇಲೆ ಕೂತವನು ಕೂತಲ್ಲೇ ಅರ್ಧ ಎದ್ದು, ಕೈಯೆರಡನ್ನೂ ಮುಂದೆ ಹಿಡಿದು, ಬೆರಳು ಮಡಿಚಿ ಬಿಚ್ಚಿ, ಎಮ್ಮೆಯ ಗಂಟುಗಳನ್ನು ತನ್ನ ಗಂಟುಗಳಿಂದ ಲೆಕ್ಕ ಹಾಕುವವನಂತೆ ಗಾಳಿಯಲ್ಲಿ ಆಡಿಸಿದ.

"ಹಿಂದಿನದ್ದೇ ಮೊದಲು. ನೀವು ಹೇಳಿದ್ದು ನಿಜ ಅಕ್ಕ" ಎಂದ. ಒಂಬತ್ತು ವರ್ಷದಿಂದ ಪ್ರಾಣಿಗಳನ್ನು ಎಬ್ಬಿಸಿದವನ ಮುಖ ಸ್ವಲ್ಪ ಸಣ್ಣದಾಗಿತ್ತು. "ಆದ್ರೆ ನಿಲ್ಲಲಿಲ್ಲವಲ್ಲ. ಮೊಣಕಾಲಲ್ಲಿ ನಿಲ್ಲುತ್ತೆ ಅಂದ್ರಿ. ಇದು ಒಂದೇ ಉಸಿರಿಗೆ ಎದ್ದುಬಿಡ್ತು."

"ಕೋಳಿ ಎಲ್ಲಿತ್ತಪ್ಪಾ ನಿಲ್ಲೋಕೆ?"

ಅವನು ಎಮ್ಮೆಯ ಮುಂಗಾಲಿನ ಬಳಿ ಬರೀ ನೆಲವನ್ನು ನೋಡಿದ. ತುಂಬ ಹೊತ್ತು ನೋಡಿದ.

ಸೋಮವಾರ ಚಾನೆಲ್ ಮೇಡಂ ಬಂದಿದ್ದರು. ಐವತ್ತೆಂಟು ಮೆಟ್ಟಿಲು ಹತ್ತಿ ಬಂದ ಸಿಟ್ಟು ಇನ್ನೂ ಮುಖದ ಮೇಲಿತ್ತು. ಮೇಜಿನ ಒಂದು ತುದಿಯಲ್ಲಿ ಅವರು, ಪಕ್ಕದಲ್ಲಿ ನಿರ್ದೇಶಕ, ಕಂಪ್ಯೂಟರಿನ ಬಳಿ ಮಾಸ್ತರ. ಮೇಜಿನ ನಡುವೆ ಒಪ್ಪಿಗೆಯ ಕಾಗದ, ಅದರ ಮೇಲೆ ಮುಚ್ಚಳ ತೆಗೆದಿಟ್ಟ ಪೆನ್ನು.

ಮಾಸ್ತರ ಮೊದಲೇ ಮಾತು ತೆಗೆದ. "ಎಲುಬು ಬೇರೆ ಕಟ್ತೀನಿ ಸಾರ್. ಮೂರು ವಾರ. ಇದು ತಪ್ಪಾಗಿದೆ."

"ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ್ರಂತೆ" ಎಂದ ನಿರ್ದೇಶಕ. "ನಿಮ್ಮಿಬ್ಬರ ಎಮ್ಮೆಗೆ ನನ್ನ ಮೂರು ವಾರ ಸುಡಬೇಕಾ? ಆಯ್ತು, ಸುಡೋಣ ಅಂತಿಟ್ಕೊಳ್ಳಿ. ಹಿಂದೆ ಮೊದಲು ಎತ್ತಲಿ. ಆದ್ರೆ ಆ ನಿಲ್ಲೋದು ಇದೆಯಲ್ಲ, ಅದು ಆಗಲ್ಲ. ಎರಡು ಸೆಕೆಂಡಿಗಿಂತ ಹೆಚ್ಚು ಪರದೆ ಸುಮ್ಮನಿದ್ರೆ ಮಗು ಚಾನೆಲ್ ಬದಲಾಯಿಸುತ್ತೆ. ಇದು ನಾನು ಹೇಳಿದ್ದಲ್ಲ, ಅಳತೆ ಮಾಡಿ ಹೇಳಿದ್ದು." ಅವನು ಸ್ಟಾಪ್‌ವಾಚನ್ನು ಎತ್ತಿ ತೋರಿಸಿದ.

"ನಿಲ್ಲದೆ ಎದ್ರೆ ಕೋಳಿಗೆ ಒದೆ ಬೀಳುತ್ತೆ" ಎಂದಳು ಹಾಲಿನಕ್ಕ. "ಮುಂದೆ ಎದ್ರೂ ಅಷ್ಟೇ, ಹಿಂದೆ ಎದ್ರೂ ಅಷ್ಟೇ. ನಿಲ್ಲೋದೇ ಕಥೆ. ಬೇರೆ ಏನಿಲ್ಲ ಅದರಲ್ಲಿ."

ಮೇಡಂ ಕೈಗಡಿಯಾರ ನೋಡಿಕೊಂಡರು. "ಎಮ್ಮೆ ಸುಮ್ನೆ ನಿಂತಿರೋದನ್ನ ಯಾರು ನೋಡ್ತಾರಮ್ಮ? ನನಗೇ ಅರ್ಥ ಆಗ್ತಿಲ್ಲ, ಮಕ್ಕಳಿಗೆ ಹೇಗೆ ಆಗುತ್ತೆ?"

ಹದಿನಾಲ್ಕು ತಿಂಗಳಲ್ಲಿ ಈ ಕೋಣೆಯಲ್ಲಿ ಅವಳು ಬಾಯಲ್ಲಿ ಹೇಳದೆ ಬಿಟ್ಟದ್ದು ಯಾವುದೂ ಇರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ತಂತಿಯೇ ಕಿತ್ತುಹೋಗಿತ್ತು. ಹಾಲಿನಕ್ಕ ಎದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮೇಜಿನ ಮೇಲಿದ್ದ ತನ್ನ ಟೀ ಲೋಟ ಹಿಡಿದುಕೊಂಡು ನೆಲದ ಜಮಖಾನದ ಮೇಲೆ ಕೂತು, ಕಾಲು ಮಡಿಚಿ, ಮುಂದಕ್ಕೆ ಬಾಗಿ ಮೊಣಕೈ ಊರಿದಳು.

"ಅಕ್ಕಾ, ಏನಿದು" ಎಂದ ನಿರ್ದೇಶಕ.

"ಈ ಲೋಟ ಕೋಳಿ" ಎಂದು ಅವಳು ಅದನ್ನು ತೋಳಿನ ಸಂದಿಯಲ್ಲಿಟ್ಟುಕೊಂಡಳು. "ಮೊದಲು ನಿಮ್ಮ ಎಮ್ಮೆ ನೋಡಿ."

ಕೈಯೆರಡನ್ನೂ ಒಮ್ಮೆಲೇ ಮುಂದೆ ಚಾಚಿದಳು. ಲೋಟ ಉರುಳಿತು. ಟೀ ಜಮಖಾನದ ಮೇಲೆ ಹರಿದು ನಿರ್ದೇಶಕನ ಬಿಳಿ ಬೂಟಿನ ತುದಿಯನ್ನು ಮುಟ್ಟಿತು.

"ಮಾಸ್ತರೇ, ನಿಮ್ಮ ಲೋಟ ಕೊಡಿ. ಇದು ನಮ್ಮ ಎಮ್ಮೆ."

ಮಾಸ್ತರ ತನ್ನ ತುಂಬಿದ ಲೋಟವನ್ನು ತಂದು ಅದೇ ಜಾಗದಲ್ಲಿಟ್ಟ. ಹಾಲಿನಕ್ಕ ಮೊಣಕೈ ಕದಲಿಸದೆ, ಹಿಂದಿನ ಕಾಲು ಊರಿ, ಸೊಂಟ ಮೇಲೆತ್ತಿದಳು. ಬೆನ್ನು ಇಳಿಜಾರಾಯಿತು, ತಲೆ ಲೋಟದ ಪಕ್ಕಕ್ಕೆ ಬಂತು. ಟೀ ಅಲುಗಲಿಲ್ಲ. ಅಷ್ಟರಲ್ಲಿ ಬಲ ಮೊಣಕಾಲು ಕಟಕ್ಕೆಂದಿತು. ಅವಳು ಹಾಗೆಯೇ ನಿಂತಳು.

ಎಲ್ಲರಿಗೂ ಆ ಸದ್ದು ಕೇಳಿಸಿತು. ಯಾರೂ ಅಲುಗಾಡಲಿಲ್ಲ. ನೋವಿಗೆ ನಿಂತಿದ್ದಾಳೋ, ತೋರಿಸಲು ನಿಂತಿದ್ದಾಳೋ ತಿಳಿಯುವಂತಿರಲಿಲ್ಲ. ಅವಳ ತೋಳು ಸಣ್ಣಗೆ ನಡುಗುತ್ತಿತ್ತು. ಲೋಟದೊಳಗೆ ಟೀ ಒಂದು ಸುತ್ತು ಅಲೆಯಾಡಿ ಮತ್ತೆ ಸಮವಾಯಿತು. ಮಾಸ್ತರ ಎರಡು ಹೆಜ್ಜೆ ಮುಂದೆ ಬಂದು ಅವಳ ಭುಜಕ್ಕೆ ಕೈ ಹಾಕಲು ಹೋದ.

"ನನ್ನನ್ನಲ್ಲ" ಎಂದಳು ನೆಲದ ಕಡೆ ಮುಖ ಮಾಡಿಯೇ. "ಕೋಳಿ ಏಳ್ಬೇಕು."

ಮಾಸ್ತರನಿಗೆ ತಕ್ಷಣ ಹೊಳೆಯಲಿಲ್ಲ. ನಿರ್ದೇಶಕ ಬೂಟು ಹಿಂದಕ್ಕೆ ಎಳೆದುಕೊಂಡ. ಕೆಳಗೆ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಒಂದು ಸಲ ಬುಸ್ಸೆಂದು ನಿಂತಿತು. ಆಗ ಮೇಡಂ ಕುರ್ಚಿಯನ್ನು ಹಿಂದೆ ಸರಿಸಿ, ಸದ್ದಾಗದ ಹಾಗೆ ಬಂದು, ಬಗ್ಗಿ, ಎರಡೂ ಕೈಯಲ್ಲಿ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟರು.

ಹಾಲಿನಕ್ಕ ಒಂದು ಕೈ ಬಿಚ್ಚಿದಳು. ಆಮೇಲೆ ಇನ್ನೊಂದು. ಮೇಜಿನ ಅಂಚು ಹಿಡಿದು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಮೈಯೆಲ್ಲ ಬೆವರು, ಮುಖದಲ್ಲಿ ನಾಚಿಕೆಗಿಂತ ಸಿಟ್ಟೇ ಹೆಚ್ಚು.

ನಿರ್ದೇಶಕ ಕೈಯಲ್ಲಿದ್ದ ಸ್ಟಾಪ್‌ವಾಚು ನೋಡಿದ. ಯಾವಾಗ ಒತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ, ಕೈಯ ಅಭ್ಯಾಸ. "ಹದಿಮೂರು ಸೆಕೆಂಡು" ಎಂದ.

"ಹದಿಮೂರಾ?" ಎಂದರು ಮೇಡಂ.

"ಹದಿಮೂರು."

"ಇವರು ಬಿದ್ದುಬಿಟ್ರೆ ಅಂತ ಹೆದರಿ ನೋಡ್ತಿದ್ದೆ ನಾನು." ಮೇಡಂ ಮತ್ತೆ ಕುರ್ಚಿಗೆ ಹೋಗಿ ಕೂತರು. ಕೈಗೆ ಹತ್ತಿದ ಟೀಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡರು. "ಮಕ್ಕಳೂ ಹಾಗೇ ನೋಡ್ತಾರೆ. ಆದ್ರೆ ಹದಿಮೂರು ಆಗಲ್ಲ. ಆರು."

"ಮೇಡಂ, ಆರು ಅಂದ್ರೆ..." ಎಂದ ನಿರ್ದೇಶಕ.

"ಆರು. ಮೊದಲನೇ ಕಂತಲ್ಲಿ ಮಾತ್ರ. ಉಳಿದದ್ರಲ್ಲಿ ಎಮ್ಮೆ ಏಳೋದೇ ಬೇಡ, ಎದ್ದು ನಿಂತಿರಲಿ. ಮೂರು ವಾರಕ್ಕೆ ಒಂದು ದಿನ ಹೆಚ್ಚಾಗಬಾರದು. ಟೋಪಿ ಇರಲಿ, ನರಿ ಇರಲಿ, ಬಿಳಿ ಕೋಳಿ ಇರಲಿ. ಏನಮ್ಮಾ?"

ಹಾಲಿನಕ್ಕ ಲೆಕ್ಕ ಹಾಕಿದಳು. ಹನ್ನೆರಡರಲ್ಲಿ ಒಂದು ಸಲ, ಅದೂ ಅರ್ಧಕ್ಕಿಂತ ಕಡಿಮೆ. ತಾಯಿಯ ಕೊಟ್ಟಿಗೆಯಲ್ಲಿ ಆ ಎಮ್ಮೆ ಯಾವ ದಿನವೂ ಆರು ಸೆಕೆಂಡಿಗೆ ಎದ್ದದ್ದಿಲ್ಲ. ಆದರೆ ಒದೆಯಂತೂ ಹೋಯಿತು. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು.

"ಆ ಟೊಂಯ್ ತೆಗೀಬೇಕು" ಎಂದಳು.

"ಟೊಂಯ್ ತೆಗೀರಿ" ಎಂದರು ಮೇಡಂ. ನಿರ್ದೇಶಕ ತನ್ನ ಮಗುವನ್ನೇ ಯಾರೋ ಎತ್ತಿಕೊಂಡು ಹೋದಂತೆ ನೋಡಿದ. ಹಾಲಿನಕ್ಕ ಪೆನ್ನು ತೆಗೆದುಕೊಂಡಳು.

ಎರಡು ತಿಂಗಳ ಮೇಲೆ ಒಂದು ಸಂಜೆ ಐದೂವರೆಗೆ ಮೊದಲ ಕಂತು ಬಂತು. ಪಕ್ಕದ ಮನೆಯ ಮಕ್ಕಳನ್ನು ಕರೆಯೋಣ ಎಂದು ತಂಗಿ ಹೇಳಿದ್ದಳು, ಹಾಲಿನಕ್ಕ ಬೇಡವೆಂದಿದ್ದಳು. ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಅವಳು ಮಂಚದ ಮೇಲೆ, ತಂಗಿ ನೆಲದ ಮೇಲೆ ಗೋಡೆಗೊರಗಿ, ಎದುರಿಗೆ ಕಪಾಟಿನ ಮೇಲೆ ಹಳೆಯ ಟೀವಿ.

ಕೊಟ್ಟಿಗೆಯಲ್ಲಿ ಬೆಳಗಾಯಿತು. ಎಮ್ಮೆ ಪೊರಕೆಯಂಥ ರೆಪ್ಪೆ ಬಿಚ್ಚಿತು. ಕುತ್ತಿಗೆ ಮುಂದೆ ಚಾಚಿತು, ಹಿಂಭಾಗ ಎತ್ತಿತು. ಮಾಸ್ತರ ಗಂಟುಗಳನ್ನು ಸರಿಯಾಗಿ ಲೆಕ್ಕ ಹಾಕಿದ್ದ. ತೊಗಲಿನ ಕೆಳಗೆ ಈಗ ಎಮ್ಮೆಯೇ ಇತ್ತು. ಮೊಣಕಾಲಿನ ಮೇಲೆ ಬಂದು ಅದು ನಿಂತಿತು. ಹಾಡಿಲ್ಲ, ಸದ್ದಿಲ್ಲ. ಟೋಪಿ ಒಂದಿಷ್ಟು ಓರೆಯಾಯಿತು. ಕೋಳಿ ಮಲಗಿತ್ತು.

"ಏನೇ ಇದು, ನಿಂತೇಹೋಯ್ತು" ಎಂದಳು ತಂಗಿ. "ಮತ್ತೆ ಕೆಟ್ಟಿತು ಈ ಡಬ್ಬ." ಟೀವಿಯ ತಲೆಗೆ ಒಂದು ಏಟು ಕೊಡಲು ಎದ್ದಳು. ಅದು ಅವಳ ಹಳೆಯ ಚಿಕಿತ್ಸೆ.

"ಕೂತ್ಕೊ."

ತಂಗಿ ಕೈ ಎತ್ತಿದಲ್ಲೇ ನಿಂತಳು. ಕೋಳಿ ಕಣ್ಣು ಬಿಟ್ಟಿತು. ರೆಕ್ಕೆ ಕೊಡವಿತು, ಒಂದು ಸುತ್ತು ನೋಡಿತು, ಇಳಿದು ಆಚೆ ಹೋಯಿತು. ಎಮ್ಮೆ ಒಂದು ಮುಂಗಾಲು ಬಿಚ್ಚಿತು, ಆಮೇಲೆ ಇನ್ನೊಂದು. ಒಡನೆಯೇ ಹಾಡು ಶುರುವಾಗಿ, ಮೋಟಾರ್ ಸೈಕಲ್ಲಿನ ಮೇಲೆ ನರಿ ಬಂತು.

ತಂಗಿ ಕೈ ಇಳಿಸಿ, ಮೆಲ್ಲಗೆ ಬಂದು ಗೋಡೆಗೊರಗಿ ಕೂತಳು. ನರಿ ಹೋಯಿತು, ಕೆರೆ ಬಂತು, ಮತ್ತೊಂದು ಹಾಡು ಬಂತು. ತಂಗಿ ಇಡೀ ಹೊತ್ತು ತುಟಿ ಬಿಚ್ಚಲಿಲ್ಲ. ಹಾಲಿನಕ್ಕ ಕಾಯುತ್ತಿದ್ದಳು. ಮೊಣಕಾಲು ನೋವು ಎಂಬ ಮಾತು ಈಗ ಬರುತ್ತದೆ, ಇನ್ನೇನು ಬಂತು, ಬಂದರೆ ಈ ಬಿಸಿನೀರಿನ ಚೀಲವನ್ನು ಎತ್ತಿ ಎಸೆಯುವುದೇ ಎಂದು ಅದರ ಕತ್ತು ಹಿಡಿದು ಕೂತಿದ್ದಳು.

"ತಪ್ಪು ಮಾಡಿದ್ದಾರೆ" ಎಂದಳು ತಂಗಿ, ಕಂತು ಮುಗಿದ ಮೇಲೆ.

"ಏನು ತಪ್ಪು?"

"ಆ ಕೋಳಿ ಬಿಳಿ ಇರಲಿಲ್ಲ. ಕೆಂಪು. ಕತ್ತಿನ ಹತ್ತಿರ ಗರಿ ಉದುರಿತ್ತು. ದಿನಾ ಬೆಳಿಗ್ಗೆ ಎದ್ದ ತಕ್ಷಣ ಮೊದಲು ಎಡಗಡೆ ನೋಡ್ತಿತ್ತು, ಆಮೇಲೆ ಬಲಗಡೆ. ಇವರು ಬಲಗಡೆ ಮೊದಲು ನೋಡಿಸಿದ್ದಾರೆ. ಹದಿನಾಲ್ಕು ತಿಂಗಳು ಅಲ್ಲಿ ಕೂತು ಏನ್ ಮಾಡ್ತಿದ್ದೆ ನೀನು?"

ಹಾಲಿನಕ್ಕ ಬಾಯಿ ತೆರೆದಳು. ನಲವತ್ತೇಳು ವರ್ಷದ ಉತ್ತರ ನಾಲಿಗೆಯ ತುದಿಯವರೆಗೆ ಬಂದು, ಅಲ್ಲೇ ಮೊಣಕಾಲೂರಿ ನಿಂತಿತು.

"ನಾಳೆ ಫೋನ್ ಮಾಡಿ ಹೇಳು ಅವರಿಗೆ" ಎಂದು ತಂಗಿ ಟೀವಿ ಆರಿಸಿದಳು.